ಖಾಲಿ ಮಾತ್ರೆ ಸಿಕ್ಕರೆ ಅಪ್ಪನಿಗೆ ನಷ್ಟವಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಅಪ್ಪನಿಗೆ 58 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕುಡಿತ ಇಲ್ಲ, ಬೀಡಿ ಸಿಗರೇಟು ಇಲ್ಲ. ಹೋದ ವರ್ಷ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಬೆಂಗಳೂರಿನಲ್ಲಿ ಫೈಬ್ರೋಸ್ಕ್ಯಾನ್ ಮಾಡಿಸಿದಾಗ ಲಿವರ್ ಗಟ್ಟಿಯಾಗುತ್ತಿದೆ, 11 ಬಂದಿದೆ ಅಂದರು. ಈಗ ಅಲ್ಲಿನ ಡಾಕ್ಟರು ಹೊಸ ಔಷಧಿಯೊಂದರ ಅಧ್ಯಯನಕ್ಕೆ ಸೇರಬಹುದು ಅನ್ನುತ್ತಿದ್ದಾರೆ. ಮೊದಲು ಬಯಾಪ್ಸಿ (ಸೂಜಿಯಿಂದ ಲಿವರ್‌ನ ಚೂರು ತೆಗೆದು ನೋಡುವುದು), 72 ವಾರ ಮಾತ್ರೆ, ಕೊನೆಗೆ ಇನ್ನೊಂದು ಬಯಾಪ್ಸಿ. ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲವಂತೆ. ನಮ್ಮ ದೊಡ್ಡಪ್ಪ "ನಿಮ್ಮಪ್ಪನ್ನ ಇಲಿ ಥರ ಉಪಯೋಗಿಸ್ಕೊಳ್ತಾರೆ, ಬೇಡ" ಅಂತ ಹಟ ಹಿಡಿದಿದ್ದಾರೆ. ಖಾಲಿ ಮಾತ್ರೆ ಸಿಕ್ಕರೆ ಒಂದೂವರೆ ವರ್ಷ ಸುಮ್ನೆ ಹಾಳಾಗಲ್ವಾ? ಇನ್ನೊಂದು ವಿಷಯ. ಅಪ್ಪ ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತಾರೆ. ಅದನ್ನು ನಿಲ್ಲಿಸಲೇಬೇಕು ಅಂದಿದ್ದಾರೆ. ಗಿಡದ ಎಲೆ ಕಾಂಡ ಏನು ಮಾಡುತ್ತೆ?
(ಒಬ್ಬ ಮಗಳು, ತಿಪಟೂರು)

ಉತ್ತರ: ನಿಮ್ಮ ದೊಡ್ಡಪ್ಪನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ಭಯಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಖಾಲಿ ಮಾತ್ರೆಯ ವಿಷಯ. ನಾನು ಲಿವರ್ ಡಾಕ್ಟರು. ಇಂಥ ಅಧ್ಯಯನಗಳಿಗೆ ರೋಗಿಗಳನ್ನು ಸೇರಿಸಿದ್ದೇನೆ, ಕೆಲವರಿಗೆ ಬೇಡ ಅಂತಲೂ ಹೇಳಿದ್ದೇನೆ. ಮನೆಯವರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇದೊಂದಕ್ಕೇ. ಔಷಧಿ ಸಿಕ್ಕವರು ಗೆದ್ದರು, ಖಾಲಿ ಮಾತ್ರೆ ಸಿಕ್ಕವರು ಸೋತರು ಅನ್ನುವ ಲೆಕ್ಕ. ಲಿವರ್ ಕಾಯಿಲೆಗಳಲ್ಲಿ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗಿದೆ.

ನಾನೇ ಮೋಸ ಹೋದ ಒಂದು ಪ್ರಸಂಗ ಹೇಳುತ್ತೇನೆ. ಕುಡಿದು ಕುಡಿದು ಲಿವರ್ ಊದಿಕೊಂಡು, ಕಣ್ಣು ಮೈ ಹಳದಿಯಾಗಿ ಬರುವವರನ್ನು ನೀವು ನೋಡಿರಬಹುದು. ಆಲ್ಕೊಹಾಲಿಕ್ ಹೆಪಟೈಟಿಸ್ ಅನ್ನುತ್ತೇವೆ. ಜೋರಾಗಿ ಬಂದರೆ ತಿಂಗಳೊಪ್ಪತ್ತಿನಲ್ಲಿ ಜೀವ ತೆಗೆಯುತ್ತದೆ. 2000ದಲ್ಲಿ ಲಾಸ್ ಏಂಜಲೀಸ್‌ನಿಂದ ಒಂದು ಅಧ್ಯಯನ ಬಂತು. ಪೆಂಟಾಕ್ಸಿಫಿಲಿನ್ ಅಂತ ಒಂದು ಹಳೇ, ಅಗ್ಗದ ಮಾತ್ರೆ. ಒಟ್ಟು 101 ರೋಗಿಗಳು. ಮಾತ್ರೆ ತಗೊಂಡ 49 ಜನರಲ್ಲಿ 12 ಮಂದಿ ತೀರಿಕೊಂಡರು. ಖಾಲಿ ಮಾತ್ರೆಯ 52 ಜನರಲ್ಲಿ 24 ಮಂದಿ. ಅಂದರೆ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು! ಬೇರೆ ದಾರಿ ಇಲ್ಲದ ಕಾಯಿಲೆ ಅದು. ನಾವೆಲ್ಲ ಬರೆದುಕೊಡಲು ಶುರು ಮಾಡಿದೆವು. ವರ್ಷಗಟ್ಟಲೆ ನಾನೂ ಬರೆದೆ. ಮನೆಯವರಿಗೆ "ಒಳ್ಳೇ ಮಾತ್ರೆ, ತಪ್ಪಿಸಬೇಡಿ" ಅಂತ ಹೇಳಿ ಕಳಿಸಿದ್ದೇನೆ.

ಆಮೇಲೆ 2015ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ಬಂತು. ಹೆಸರು ಸ್ಟೋಪಾ. 65 ಆಸ್ಪತ್ರೆ, 1,100 ರೋಗಿಗಳು. ಇದರಲ್ಲಿ ಪೆಂಟಾಕ್ಸಿಫಿಲಿನ್ ಜೊತೆಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡನ್ನೂ ಪರೀಕ್ಷೆಗೆ ಹಚ್ಚಿದ್ದರು. 28 ದಿನದ ಲೆಕ್ಕ ನೋಡಿ. ಪೆಂಟಾಕ್ಸಿಫಿಲಿನ್ ಒಂದೇ ಸಿಕ್ಕ ಗುಂಪಿನಲ್ಲಿ 100ಕ್ಕೆ 19 ಸಾವು. ಎರಡೂ ಖಾಲಿ ಮಾತ್ರೆ ನುಂಗಿದವರಲ್ಲಿ 100ಕ್ಕೆ 17. ಸ್ಟೀರಾಯ್ಡ್ ಒಂದೇ ಸಿಕ್ಕವರಲ್ಲಿ 14. ಸ್ಟೀರಾಯ್ಡ್‌ನಿಂದ ಸ್ವಲ್ಪ ಉಪಯೋಗ ಇರಬಹುದು ಅನ್ನಿಸಿತು, ಆದರೆ ಅದನ್ನು ತಗೊಂಡವರಲ್ಲಿ ಗಂಭೀರ ಸೋಂಕು ಸುಮಾರು ಎರಡು ಪಟ್ಟು. ನಾನು ಅಷ್ಟು ವರ್ಷ ನಂಬಿ ಬರೆದ ಮಾತ್ರೆ ಮಾತ್ರ ಸೊನ್ನೆ. ಆ ದಿನ ರಾತ್ರಿ ಹಳೇ ರೋಗಿಗಳ ಮುಖ ನೆನಪಾದವು. ಮಾತ್ರೆಯಿಂದ ಅವರಿಗೆ ದೊಡ್ಡ ಕೆಡುಕು ಆಗಿರಲಿಕ್ಕಿಲ್ಲ. ಆದರೆ ನಾನು ಕೊಟ್ಟ ಭರವಸೆ ಸುಳ್ಳು.

ಇದು ಒಂದೇ ಸಲ ಆಗಿದ್ದರೆ ಬಿಡಬಹುದಿತ್ತು. ದೆಹಲಿಯ ಲಿವರ್ ಸಂಸ್ಥೆ ಐಎಲ್‌ಬಿಎಸ್‌ನವರು 2012ರಲ್ಲಿ ಇನ್ನೊಂದು ಫಲಿತಾಂಶ ಕೊಟ್ಟರು. ಲಿವರ್ ಇದ್ದಕ್ಕಿದ್ದ ಹಾಗೆ ಕೈಕೊಟ್ಟ ರೋಗಿಗಳಿಗೆ ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್. ಮೂಳೆಯ ಮಜ್ಜೆಯಿಂದ ಹೊಸ ಕಣಗಳನ್ನು ಹೊರಗೆ ತರುವ ಔಷಧಿ ಅದು. ಇಂಜೆಕ್ಷನ್ ಸಿಕ್ಕ 23 ಜನರಲ್ಲಿ 16 ಮಂದಿ ಉಳಿದರು. ಸಿಗದ 24 ಜನರಲ್ಲಿ 7 ಮಂದಿ. ದೇಶವೇ ಹೆಮ್ಮೆ ಪಡುವಂಥ ಸುದ್ದಿ, ನಾನೂ ಪಟ್ಟೆ. 2021ರಲ್ಲಿ ಜರ್ಮನಿಯವರು 176 ರೋಗಿಗಳಲ್ಲಿ ಅದನ್ನೇ ಮಾಡಿ ನೋಡಿದರು. ಉಪಯೋಗ ಕಾಣಲಿಲ್ಲ. ಮುಂದುವರಿಸಿ ಪ್ರಯೋಜನವಿಲ್ಲ ಅಂತ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ದೆಹಲಿಯವರು ಮೋಸ ಮಾಡಿದರು ಅಂತ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. 47 ಜನರ ಅಧ್ಯಯನದಲ್ಲಿ ನಾಲ್ಕೈದು ಮಂದಿ ಆಚೆ ಈಚೆ ಆದರೆ ಚಿತ್ರವೇ ಬದಲಾಗುತ್ತದೆ. ಅಲ್ಲಿನ ರೋಗಿಗಳೂ ಇಲ್ಲಿನ ರೋಗಿಗಳೂ ಒಂದೇ ಥರದವರಲ್ಲ ಅನ್ನುವ ವಾದವೂ ಇದೆ.

ಈಗ ನಿಮ್ಮ ಅಪ್ಪನ ಕಾಯಿಲೆಗೆ ಬರೋಣ. ಒಪ್ಪಿಗೆ ಪತ್ರದಲ್ಲಿ ಮ್ಯಾಶ್ ಅಂತ ಬರೆದಿರುತ್ತಾರೆ. ಹಳೇ ರಿಪೋರ್ಟುಗಳಲ್ಲಿ ನ್ಯಾಶ್ ಅಂತ ಇರಬಹುದು. 2023ರಲ್ಲಿ ಹೆಸರು ಬದಲಾಯಿಸಿದರು, ಕಾಯಿಲೆ ಅದೇ. ಲಿವರ್‌ನಲ್ಲಿ ಕೊಬ್ಬು ತುಂಬಿ, ಅದರಿಂದ ಉರಿಯೂತ ಶುರುವಾಗಿ, ಗಾಯದ ಕಲೆಯ ಹಾಗೆ ನಾರು ಬೆಳೆಯುವುದು. ಆ ನಾರನ್ನು ಸೊನ್ನೆಯಿಂದ ನಾಲ್ಕರವರೆಗೆ ಎಣಿಸುತ್ತೇವೆ. ನಾಲ್ಕು ಅಂದರೆ ಸಿರೋಸಿಸ್. ಫೈಬ್ರೋಸ್ಕ್ಯಾನ್‌ನಲ್ಲಿ 11 ಬಂದರೆ ಎರಡೋ ಮೂರೋ ಇರಬಹುದು, ಆದರೆ ಯಂತ್ರ ಅಷ್ಟು ಖಚಿತವಾಗಿ ಹೇಳುವುದಿಲ್ಲ. ಅದಕ್ಕೇ ಬಯಾಪ್ಸಿ.

ಈ ಕಾಯಿಲೆಗೆ ಔಷಧಿ ಹುಡುಕಿದ ದಾರಿಯುದ್ದಕ್ಕೂ ಸೋತ ಮಾತ್ರೆಗಳೇ ಬಿದ್ದಿವೆ. ಸೆಲಾನ್‌ಸರ್ಟಿಬ್ ಅನ್ನೋದು ಒಂದು. ಮೂರನೇ ಹಂತದ ನಾರು ಇದ್ದ ಸುಮಾರು 800 ಜನ ಸೇರಿದ್ದರು. ಜಾಸ್ತಿ ಡೋಸ್ ತಗೊಂಡವರಲ್ಲಿ 100ಕ್ಕೆ 10 ಮಂದಿಗೆ ನಾರು ಕಡಿಮೆಯಾಯಿತು. ಖಾಲಿ ಮಾತ್ರೆಯವರಲ್ಲಿ 13! ಒಬೆಟಿಕೋಲಿಕ್ ಆಸಿಡ್ ಅಂತ ಇನ್ನೊಂದು. ಅದು ನಾರನ್ನು ನಿಜಕ್ಕೂ ಕಡಿಮೆ ಮಾಡಿತು, 100ಕ್ಕೆ 12 ಇದ್ದದ್ದು 23ಕ್ಕೆ ಹೋಯಿತು. ಆದರೆ ದೊಡ್ಡ ಡೋಸ್ ತಗೊಂಡವರಲ್ಲಿ ಅರ್ಧದಷ್ಟು ಜನಕ್ಕೆ ಮೈ ತುರಿಕೆ. ಕೆಟ್ಟ ಕೊಲೆಸ್ಟರಾಲೂ ಏರಿತು. ಅಮೆರಿಕದ ಔಷಧ ಇಲಾಖೆ ಈ ಕಾಯಿಲೆಗೆ ಅದನ್ನು 2020ರಲ್ಲಿ ಒಪ್ಪಲಿಲ್ಲ, 2023ರಲ್ಲೂ ಒಪ್ಪಲಿಲ್ಲ. ಈ ಎರಡು ಅಧ್ಯಯನಗಳಲ್ಲಿ ಖಾಲಿ ಮಾತ್ರೆ ಸಿಕ್ಕವರು ಏನು ಕಳೆದುಕೊಂಡರು, ನೀವೇ ಹೇಳಿ.

ಗೆದ್ದ ಮಾತ್ರೆಗಳೂ ಇವೆ. ರೆಸ್ಮೆಟಿರೋಮ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ಅನುಮತಿ ಸಿಕ್ಕಿತು. ಸೆಮಾಗ್ಲೂಟೈಡ್ ಇಂಜೆಕ್ಷನ್ನಿಗೆ 2025ರ ಆಗಸ್ಟಿನಲ್ಲಿ. ಸೆಮಾಗ್ಲೂಟೈಡ್ ಸಕ್ಕರೆ ಕಾಯಿಲೆಗೆ ನಮ್ಮಲ್ಲೂ ಬಳಕೆಯಲ್ಲಿದೆ, ತೂಕ ಇಳಿಸುವ ಇಂಜೆಕ್ಷನ್ ಅಂತ ನೀವೂ ಕೇಳಿರುತ್ತೀರಿ. ಅದರ ಅಧ್ಯಯನದಲ್ಲಿ 800 ಜನರ 72 ವಾರದ ಲೆಕ್ಕ ಹೀಗಿದೆ. ಔಷಧಿಯವರಲ್ಲಿ 100ಕ್ಕೆ ಸುಮಾರು 63 ಮಂದಿಗೆ ಉರಿಯೂತ ಹೋಯಿತು. ಖಾಲಿ ಇಂಜೆಕ್ಷನ್ನಿನವರಲ್ಲಿ 34 ಮಂದಿಗೆ.

ಆ ಕೊನೆಯ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲೋಣ. ಔಷಧಿಯೇ ಇಲ್ಲದೆ ಮೂವರಲ್ಲಿ ಒಬ್ಬರಿಗೆ ಕಡಿಮೆಯಾಗಿದೆ. ಹೇಗೆ? ಒಂದಿಷ್ಟು ಪಾಲು ಬಯಾಪ್ಸಿಯದೇ ಆಟ. ಸೂಜಿಯಲ್ಲಿ ಬರುವ ತುಣುಕು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ಒಂದು ಗೋಣಿ ಕೊಬ್ಬರಿಯಲ್ಲಿ ಒಂದು ಚೂರು ಚಿವುಟಿ ನೋಡಿದ ಹಾಗೆ. ಇವತ್ತು ಈ ಜಾಗ, ಒಂದೂವರೆ ವರ್ಷದ ಮೇಲೆ ಇನ್ನೊಂದು ಜಾಗ. ವ್ಯತ್ಯಾಸ ಬರದೆ ಇರುತ್ತಾ? ಉಳಿದ ಪಾಲು ನಿಜವಾದ ಸುಧಾರಣೆ. ತಿಂಗಳು ತಿಂಗಳು ಯಾರೋ ತೂಕ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಏನು ತಿಂದಿರಿ ಅಂತ ಕೇಳುತ್ತಾರೆ. ಕೇಳುವವರಿದ್ದಾರೆ ಅಂದರೆ ಮನುಷ್ಯ ಬಜ್ಜಿ ತಟ್ಟೆಯನ್ನು ಸ್ವಲ್ಪ ದೂರ ಸರಿಸುತ್ತಾನೆ.

ಮತ್ತೆ ಈ ಕಾಯಿಲೆಯಲ್ಲಿ ಆ ತಟ್ಟೆಯೇ ಔಷಧಿ. ಕ್ಯೂಬಾದ ಹವಾನಾದಲ್ಲಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 293 ರೋಗಿಗಳಿಗೆ ಒಂದು ವರ್ಷ ಊಟ, ನಡಿಗೆ ಬಿಟ್ಟರೆ ಬೇರೇನೂ ಇಲ್ಲ. ನೂರಕ್ಕೆ ಹತ್ತು ಪಾಲು ತೂಕ ಇಳಿಸಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಉರಿಯೂತ ಹೋಗಿತ್ತು, ಅರ್ಧಕ್ಕೆ ಸ್ವಲ್ಪ ಕಡಿಮೆ ಜನಕ್ಕೆ ನಾರು ಕೂಡ ಕರಗಿತ್ತು. ಇಲ್ಲಿವರೆಗೆ ಬಂದ ಯಾವ ಮಾತ್ರೆಯೂ ಇಷ್ಟು ಮಾಡಿಲ್ಲ. ತೊಂದರೆ ಏನಪ್ಪಾ ಅಂದರೆ, ಅಷ್ಟು ತೂಕ ಇಳಿಸಿದವರು ಅಲ್ಲೂ ಹತ್ತರಲ್ಲಿ ಒಬ್ಬರು. ನಿಮ್ಮ ಅಪ್ಪ 80 ಕಿಲೋ ಇದ್ದರೆ 8 ಕಿಲೋ ಇಳಿಯಬೇಕು. ಹೇಳುವುದು ಸುಲಭ.

ಹಾಗಾದರೆ ಒಂದೂವರೆ ವರ್ಷ ಹಾಳು ಅಲ್ಲವೇ ಅಲ್ಲ ಅಂತ ನಾನು ಬರೆದುಕೊಡುತ್ತೇನಾ? ಇಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಈ ಕಾಯಿಲೆಯಲ್ಲಿ ನಾರು ಒಂದು ಹಂತ ಏರಲು ಸರಾಸರಿ ಏಳು ವರ್ಷ ಬೇಕು ಅಂತ ಬಂದಿದೆ. ಆ ಲೆಕ್ಕದಲ್ಲಿ 72 ವಾರ ದೊಡ್ಡದಲ್ಲ. ಆದರೆ ಸರಾಸರಿ ಅನ್ನೋದು ಎಲ್ಲರಿಗೂ ಹೊಂದುವ ಅಂಗಿ ಅಲ್ಲ. ಮೂರನೇ ಹಂತದಲ್ಲಿದ್ದವರನ್ನು ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ, ಸುಮಾರು ಎರಡೂವರೆ ವರ್ಷದಲ್ಲಿ ಐವರಲ್ಲಿ ಒಬ್ಬರು ಸಿರೋಸಿಸ್‌ಗೆ ಹೋಗಿದ್ದರು. ಸಕ್ಕರೆ ಕಾಯಿಲೆ ಇರುವವರಿಗೆ ಆ ವೇಗ ಜಾಸ್ತಿ. ಆದ್ದರಿಂದ ಬಯಾಪ್ಸಿಯಲ್ಲಿ ಎರಡು ಬಂತೋ ಮೂರು ಬಂತೋ ಅನ್ನೋದು ನಿಮ್ಮ ನಿರ್ಧಾರಕ್ಕೆ ತುಂಬಾ ಮುಖ್ಯ. ಆ ರಿಪೋರ್ಟಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ. ಅದನ್ನು ನೀವು ಆ ಡಾಕ್ಟರಿಗೆ ಕೇಳಲೇಬೇಕು. "ಅಧ್ಯಯನಕ್ಕೆ ಸೇರಿದ ಮೇಲೆ ಅಪ್ಪನಿಗೆ ಈಗ ಸಿಗುತ್ತಿರುವ, ಸಿಗಬೇಕಾದ ಯಾವ ಔಷಧಿ ನಿಲ್ಲುತ್ತೆ?" ಖಾಲಿ ಮಾತ್ರೆ ಅಂದರೆ ಚಿಕಿತ್ಸೆ ಇಲ್ಲ ಅಂತ ಅರ್ಥ ಅಲ್ಲ. ಸಕ್ಕರೆಗೆ, ಬಿಪಿಗೆ, ಕೊಲೆಸ್ಟರಾಲಿಗೆ ಕೊಡುವುದೆಲ್ಲ ನಡೆಯುತ್ತಿರಬೇಕು. ಖಾಲಿ ಮಾತ್ರೆ ಅದರ ಮೇಲೆ ಒಂದು, ಅಷ್ಟೆ. ಆದರೆ ಕೆಲವು ಅಧ್ಯಯನಗಳಲ್ಲಿ ಸೆಮಾಗ್ಲೂಟೈಡ್ ಥರದ್ದನ್ನು ಹೊಸದಾಗಿ ಶುರು ಮಾಡುವ ಹಾಗಿಲ್ಲ ಅನ್ನುತ್ತಾರೆ. ಈ ಕಾಯಿಲೆಗೆ ಕೆಲವರಿಗೆ ಕೊಡುವ ಪಯೋಗ್ಲಿಟಜೋನ್, ವಿಟಮಿನ್ ಇ ಬಗ್ಗೆಯೂ ನಿಬಂಧನೆ ಇರುತ್ತದೆ. ಸರೋಗ್ಲಿಟಜಾರ್ ಅನ್ನುವ ಮಾತ್ರೆಗೆ ನಮ್ಮ ದೇಶದ ಔಷಧ ನಿಯಂತ್ರಕರು 2020ರಲ್ಲೇ ಈ ಕಾಯಿಲೆಗೆ ಅನುಮತಿ ಕೊಟ್ಟಿದ್ದಾರೆ. ಅದನ್ನು ಅಪ್ಪ ತಗೊಳ್ಳುತ್ತಿದ್ದರೆ ಏನು ಮಾಡುತ್ತಾರೆ ಅಂತ ಕೇಳಿ. ಐದು ವರ್ಷದ ಹಿಂದೆ ಈ ಪ್ರಶ್ನೆಗೆ ಅಷ್ಟು ತೂಕ ಇರಲಿಲ್ಲ, ಏಕೆಂದರೆ ಕೊಡಲು ಹೆಚ್ಚೇನೂ ಇರಲಿಲ್ಲ. ಈಗ ಇದೆ. ನಿಮ್ಮ ಅಪ್ಪನ ತೂಕ, ಸಕ್ಕರೆ ಎರಡಕ್ಕೂ ಇವತ್ತೇ ಒಳ್ಳೇ ಔಷಧಿ ಬೇಕಾಗಿದ್ದು, ಅಧ್ಯಯನದ ಸಲುವಾಗಿ ಅದನ್ನು ಒಂದೂವರೆ ವರ್ಷ ಮುಂದಕ್ಕೆ ಹಾಕುವುದಾದರೆ, ನಾನಾಗಿದ್ದರೆ ಸೇರಿಸುವುದಿಲ್ಲ. ಆಗ ಖಾಲಿ ಮಾತ್ರೆ ನಿಜಕ್ಕೂ ನಷ್ಟ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು 2019ರಲ್ಲಿ ಬಂದವು. ಸರಿಯಾದ ಚಿಕಿತ್ಸೆ ಇದ್ದೂ ಅದನ್ನು ಕೊಡದೆ, ಬರೀ ಖಾಲಿ ಮಾತ್ರೆ ಕೊಟ್ಟದ್ದರಿಂದ ರೋಗಿಗೆ ಹಾನಿಯಾದರೆ, ಅದನ್ನು ಅಧ್ಯಯನದಿಂದಲೇ ಆದ ಹಾನಿ ಅಂತ ಆ ನಿಯಮಗಳು ಲೆಕ್ಕ ಹಿಡಿಯುತ್ತವೆ. ಪರಿಹಾರ ಕೊಡಬೇಕು. ಇದು ಬಹಳ ಮಂದಿಗೆ ಗೊತ್ತಿಲ್ಲ.

ಇನ್ನು ಅಮೃತಬಳ್ಳಿ. ಕೊರೊನಾ ಬಂದಾಗ ಮನೆ ಮನೆಯಲ್ಲೂ ಈ ಬಳ್ಳಿ ಹಬ್ಬಿತು, ನಮ್ಮ ಮನೆಯ ಕಾಂಪೌಂಡಿನ ಮೇಲೂ ಇದೆ. 2021ರಲ್ಲಿ ಮುಂಬೈನ ಡಾಕ್ಟರುಗಳು ಆರು ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರೂ ಅಮೃತಬಳ್ಳಿ ತಗೊಂಡವರು, ಎಲ್ಲರ ಲಿವರೂ ಪೆಟ್ಟು ತಿಂದಿತ್ತು. ಮುಂದಿನ ವರ್ಷ ದೇಶದ ಬೇರೆ ಬೇರೆ ಆಸ್ಪತ್ರೆಗಳ 43 ರೋಗಿಗಳ ವರದಿ ಬಂತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಲಿವರ್ ಮೇಲೆ ತಿರುಗಿ ಬೀಳುವ ಥರದ ಹಾನಿ ಅದು. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರು ಅದರಲ್ಲಿ ಇದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಇರಬಹುದು ಅಂದಿತು. ಕುಡಿದ ಎಲ್ಲರಿಗೂ ಹೀಗಾಗುವುದಿಲ್ಲ, ಅದು ನಿಜ. ಆದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಈಗಾಗಲೇ ನಾರು ಬೆಳೆದಿರುವ ಲಿವರ್ ಇಟ್ಟುಕೊಂಡು ಆ ಪಂಥ ಯಾಕೆ ಕಟ್ಟಬೇಕು? ಅಧ್ಯಯನಕ್ಕೆ ಸೇರದಿದ್ದರೂ ಕಷಾಯ ನಿಲ್ಲಿಸಿ.

ಅಧ್ಯಯನಕ್ಕೆ ಸೇರುವುದಾದರೆ ಕಷಾಯ ನಿಲ್ಲಿಸಲು ಇನ್ನೊಂದು ಕಾರಣ ಇದೆ. ಮೂರನೇ ತಿಂಗಳು ಅಪ್ಪನ ಲಿವರ್ ಎಂಜೈಮ್ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರಿತು ಅನ್ನಿ. ಹೊಸ ಮಾತ್ರೆಯಿಂದಲೋ, ಕಷಾಯದಿಂದಲೋ? ಯಾರು ಹೇಳುತ್ತಾರೆ? ಔಷಧಿಯಿಂದ ಎಂಜೈಮ್ ಮೂರು ಪಟ್ಟು ಏರಿ ಜೊತೆಗೆ ಕಾಮಾಲೆಯೂ ಕಂಡರೆ, ಅಂಥ ಹತ್ತರಲ್ಲಿ ಒಬ್ಬರ ಜೀವಕ್ಕೆ ಅಪಾಯ ಅಂತ ಹೈಮನ್ ಝಿಮ್ಮರ್‌ಮನ್ ಅನ್ನುವ ಅಮೆರಿಕದ ವೈದ್ಯರು ದಶಕಗಳ ಹಿಂದೆಯೇ ಗುರುತಿಸಿದ್ದರು. ಇವತ್ತಿಗೂ ಔಷಧಿ ಪರೀಕ್ಷೆಗಳಲ್ಲಿ ಅದೇ ಎಚ್ಚರಿಕೆಯ ಗಂಟೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಡಾ. ಹರ್ಷದ್ ದೇವರಭಾವಿ ಅವರು 1997ರಿಂದ ಔಷಧಿಯಿಂದ ಲಿವರ್‌ಗೆ ಪೆಟ್ಟಾದ ರೋಗಿಗಳ ಲೆಕ್ಕ ಇಟ್ಟುಕೊಂಡು ಬಂದರು. 2010ರಲ್ಲಿ 313 ರೋಗಿಗಳ ವಿವರ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕ್ಷಯದ ಮಾತ್ರೆಗಳಿಂದ ಹಾನಿ. ಒಟ್ಟಾರೆ 100ಕ್ಕೆ 17 ಮಂದಿ ಉಳಿಯಲಿಲ್ಲ. ಇದೂ ಕ್ಲಿನಿಕಲ್ ಸಂಶೋಧನೆಯೇ. ಹೊಸ ಮಾತ್ರೆ ಇಲ್ಲ, ಚೀಟಿ ಎತ್ತುವುದು ಇಲ್ಲ. ಬಂದವರನ್ನೆಲ್ಲ ತಾಳ್ಮೆಯಿಂದ ಬರೆದಿಡುವುದು. ನನ್ನ ಪ್ರಕಾರ ನಮ್ಮ ದೇಶಕ್ಕೆ ಇಂಥದ್ದು ಇನ್ನೂ ಜಾಸ್ತಿ ಬೇಕು.

ಗಿಡಮೂಲಿಕೆಯ ಮಾತು ಬಂದಾಗ ನೆಲನೆಲ್ಲಿಯನ್ನು ಬಿಡಲು ಆಗುವುದಿಲ್ಲ. ಕಾಮಾಲೆ ಅಂದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ನಮ್ಮಲ್ಲಿ ಇದ್ದದ್ದೇ. ಅದನ್ನು ಸರಿಯಾಗಿ ಪರೀಕ್ಷೆಗೆ ಹಚ್ಚಿದವರಿದ್ದಾರೆ. ಮದ್ರಾಸಿನ ತ್ಯಾಗರಾಜನ್ ಅವರ ತಂಡ. ಜೊತೆಗಿದ್ದವರು ಬರೂಕ್ ಬ್ಲೂಮ್‌ಬರ್ಗ್, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದವರು. ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು. 1988ರ ವರದಿಯಲ್ಲಿ, ಪುಡಿ ತಗೊಂಡ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯ. ಖಾಲಿ ಪುಡಿಯ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಆಮೇಲೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮಾಡಿ ನೋಡಿದರು. ಆ ಫಲ ಮತ್ತೆ ಸಿಗಲಿಲ್ಲ. ನನಗೆ ಈಗಲೂ ಇದು ಬೇಜಾರಿನ ಕಥೆ. ನಮ್ಮ ಹಿತ್ತಲಿನ ಗಿಡ ಗೆಲ್ಲಬೇಕು ಅಂತ ಆಸೆ ಇತ್ತು. ಆದರೆ ಲಾಸ್ ಏಂಜಲೀಸ್‌ನ ಮಾತ್ರೆಗೆ ಒಂದು ನ್ಯಾಯ, ನೆಲನೆಲ್ಲಿಗೆ ಇನ್ನೊಂದು ನ್ಯಾಯ ಮಾಡಲು ಬರುವುದಿಲ್ಲ.

ಈಗ ದೊಡ್ಡಪ್ಪನ ಇಲಿ. ಅವರು ಪೇಪರಿನಲ್ಲಿ ಓದಿದ್ದು ಸುಳ್ಳಲ್ಲ. 2005ರ ನಂತರ ಕೆಲವು ವರ್ಷ ನಮ್ಮ ದೇಶದಲ್ಲಿ ಔಷಧಿ ಪರೀಕ್ಷೆಗಳು ಲಂಗುಲಗಾಮಿಲ್ಲದೆ ನಡೆದವು. ಒಪ್ಪಿಗೆ ಪತ್ರ ಓದಲು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ದೂರುಗಳು ಬಂದವು. ಸ್ವಾಸ್ಥ್ಯ ಅಧಿಕಾರ್ ಮಂಚ್ ಅನ್ನುವ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಕೋರ್ಟು ಬಿಗಿ ಮಾಡಿತು, ನಿಯಮ ಬದಲಾದವು, ಒಂದಿಷ್ಟು ಕಾಲ ಹೊಸ ಅಧ್ಯಯನಗಳೇ ನಿಂತ ಹಾಗಾಯಿತು. ಈಗಿನ 2019ರ ನಿಯಮಗಳು ಅದೇ ಪೆಟ್ಟಿನಿಂದ ಹುಟ್ಟಿದವು.

ಏನಿದೆ ಅದರಲ್ಲಿ? ರೋಗಿಗಳ ಹಿತ ಕಾಯುವ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪದೆ ಅಧ್ಯಯನ ಶುರು ಮಾಡುವ ಹಾಗಿಲ್ಲ. ಕಮಿಟಿಯಲ್ಲಿ ಕನಿಷ್ಠ ಏಳು ಜನ. ಅರ್ಧ ಮಂದಿ ಆ ಆಸ್ಪತ್ರೆಗೆ ಸಂಬಂಧ ಇಲ್ಲದವರಾಗಿರಬೇಕು. ಒಬ್ಬರು ಕಾನೂನು ಬಲ್ಲವರು, ಒಬ್ಬರು ಸಾಮಾನ್ಯ ಜನರ ಪರವಾಗಿ. ನಾನು ಇಂಥ ಒಂದು ಕಮಿಟಿಯಲ್ಲಿ ಕೂತಿದ್ದಾಗ ಆ ಜಾಗದಲ್ಲಿ ನಿವೃತ್ತ ಕನ್ನಡ ಮೇಡಂ ಒಬ್ಬರಿದ್ದರು. ಕಂಪನಿ ಕಳಿಸಿದ ಕನ್ನಡ ಒಪ್ಪಿಗೆ ಪತ್ರದಲ್ಲಿ "ಯಾದೃಚ್ಛಿಕೀಕರಣ" ಅಂತ ಒಂದು ಪದ. ಮೇಡಂ ಕನ್ನಡಕ ತೆಗೆದು ಕೇಳಿದರು, "ಇದು ಕನ್ನಡವಾ?" ನಾವೆಲ್ಲ ಮುಖ ಮುಖ ನೋಡಿಕೊಂಡೆವು. "ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತೆ ಅಂತ ಬರೀರಿ" ಅಂದರು. ಪತ್ರ ಇಡಿಯಾಗಿ ವಾಪಸ್ ಹೋಯಿತು. ಅಂದಹಾಗೆ ಚೀಟಿ ಎತ್ತುವುದು ಯಾಕೆ ಅಂದರೆ, ಡಾಕ್ಟರೇ ಆರಿಸುವ ಹಾಗಿದ್ದರೆ ಗೊತ್ತಿಲ್ಲದೆಯೇ ಗಟ್ಟಿಮುಟ್ಟಾದವರಿಗೆ ಹೊಸ ಔಷಧಿ ಕೊಟ್ಟುಬಿಡುತ್ತೇವೆ. ಆಮೇಲೆ ಔಷಧಿ ಗೆದ್ದಿತೋ ಮೈಗಟ್ಟು ಗೆದ್ದಿತೋ ತಿಳಿಯುವುದಿಲ್ಲ.

ಅಪ್ಪನಿಗೆ ಕೊಡುವ ಒಪ್ಪಿಗೆ ಪತ್ರಕ್ಕೆ ಆಸ್ಪತ್ರೆಯಲ್ಲೇ ಕೂತು ಸಹಿ ಮಾಡಬೇಡಿ. ಮನೆಗೆ ತನ್ನಿ. ಕೊಡಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಸೇರಬೇಡಿ. ಮೊದಲು ಸಿಟಿಆರ್‌ಐ ಸಂಖ್ಯೆ ಹುಡುಕಿ. ನಮ್ಮ ದೇಶದ ಅಧ್ಯಯನಗಳನ್ನು ದಾಖಲು ಮಾಡುವ ಸರ್ಕಾರಿ ಪಟ್ಟಿ ಅದು, 2007ರಿಂದ ಇದೆ. ಔಷಧಿ ಪರೀಕ್ಷೆಗಳಿಗೆ 2009ರ ಜೂನ್‌ನಿಂದ ಕಡ್ಡಾಯ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಎಷ್ಟು ಜನರನ್ನು ಸೇರಿಸುತ್ತಾರೆ, ಯಾವ ಯಾವ ಊರಿನಲ್ಲಿ, ಏನನ್ನು ಅಳೆಯುತ್ತಾರೆ, ಎಲ್ಲ ಅಲ್ಲಿರುತ್ತದೆ. ಆಮೇಲೆ ಈ ಔಷಧಿಯನ್ನು ಮನುಷ್ಯರಿಗೆ ಎಷ್ಟು ಜನಕ್ಕೆ ಕೊಟ್ಟಾಗಿದೆ ಅಂತ ಕೇಳಿ. 40 ಜನಕ್ಕೆ ಕೊಟ್ಟದ್ದಕ್ಕೂ 1,000 ಜನಕ್ಕೆ ಕೊಟ್ಟದ್ದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಮಾತ್ರೆ, ರಕ್ತ ಪರೀಕ್ಷೆ, ಬಯಾಪ್ಸಿಗೆ ನಿಮ್ಮ ಕೈಯಿಂದ ಒಂದು ರೂಪಾಯಿಯೂ ಹೋಗಬಾರದು. ತಿಪಟೂರಿನಿಂದ ಬೆಂಗಳೂರಿಗೆ ಓಡಾಡುವ ಖರ್ಚು ಕೊಡುತ್ತಾರಾ ಅಂತಲೂ ಸಂಕೋಚವಿಲ್ಲದೆ ಕೇಳಿ. ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಅಧ್ಯಯನದಿಂದಲೇ ಆದದ್ದು ಅಂತ ತೀರ್ಮಾನವಾದರೆ ಪರಿಹಾರವೂ ಸಿಗಬೇಕು. ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡುವುದು ಅಂತ ಪತ್ರದಲ್ಲಿ ಹೆಸರು, ನಂಬರ್ ಇದೆಯಾ ನೋಡಿ. ಒಂದು ರಾತ್ರಿ ಹತ್ತು ಗಂಟೆಗೆ ಆ ನಂಬರಿಗೆ ಸುಮ್ನೆ ಫೋನ್ ಮಾಡಿ ನೋಡಿ. ಎತ್ತುತ್ತಾರಾ ಅಂತ.

ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಡಬಹುದು. ಕಾರಣ ಹೇಳಬೇಕಿಲ್ಲ. ಅದಕ್ಕಾಗಿ ಆ ಆಸ್ಪತ್ರೆಯಲ್ಲಿ ಅಪ್ಪನ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಬಯಾಪ್ಸಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಇದರಲ್ಲಿ ನಿಜವಾದ ಅಪಾಯ ಎಲ್ಲಾದರೂ ಇದ್ದರೆ ಮೊದಲು ಅಲ್ಲಿದೆ. ಪಕ್ಕೆಲುಬಿನ ಸಂದಿಯಲ್ಲಿ ಮರಗಟ್ಟಿಸಿ ಸೂಜಿ ಹಾಕುತ್ತಾರೆ. ಬಲ ಭುಜದವರೆಗೂ ನೋವು ಬರಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ರಕ್ತಸ್ರಾವ ಅಪರೂಪ. ಜೀವಕ್ಕೇ ಅಪಾಯ ಅಂದರೆ 10,000ಕ್ಕೆ ಒಂದು ಅನ್ನುವುದು ವಾಡಿಕೆಯ ಲೆಕ್ಕ. ಅಪ್ಪ ರಕ್ತ ತೆಳುವಾಗುವ ಮಾತ್ರೆ, ಆಸ್ಪಿರಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು. ಎರಡನೇ ಬಯಾಪ್ಸಿ ಅಧ್ಯಯನಕ್ಕಾಗಿಯೇ ಹೊರತು ಅಪ್ಪನ ಚಿಕಿತ್ಸೆಗೆ ಅಷ್ಟೇನೂ ಬೇಕಾಗಿರುವುದಿಲ್ಲ. ಇದನ್ನು ಡಾಕ್ಟರುಗಳು ಬಾಯಿಬಿಟ್ಟು ಹೇಳುವುದು ಕಡಿಮೆ. ಅದು ಅಪ್ಪ ಮುಂದೆ ಬರುವ ರೋಗಿಗಳಿಗೆ ಕೊಡುವ ಕೊಡುಗೆ. ಕೊಡಲು ಮನಸ್ಸಿದೆಯಾ ಅನ್ನುವುದು ಅವರಿಗೆ ಬಿಟ್ಟದ್ದು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಡಾಕ್ಟರು ಏನಂದರು ಅಂತ ಇದೆ, ದೊಡ್ಡಪ್ಪ ಏನಂದರು ಅಂತ ಇದೆ, ನಿಮ್ಮ ಆತಂಕ ಇದೆ. ಅಪ್ಪ ಏನಂದರು ಅಂತ ಎಲ್ಲೂ ಇಲ್ಲ. ಸಹಿ ಹಾಕಬೇಕಾದವರು ಅವರು, ಸೂಜಿ ಚುಚ್ಚಿಸಿಕೊಳ್ಳುವವರು ಅವರು. ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, ಊಟಕ್ಕೆ ಮುಂಚೆ, ದೊಡ್ಡಪ್ಪನನ್ನೂ ಕೂರಿಸಿಕೊಂಡು ಒಪ್ಪಿಗೆ ಪತ್ರವನ್ನು ಜೋರಾಗಿ ಓದಿ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಆ ಗೀಟುಗಳನ್ನು ಅಪ್ಪನೇ ಕೇಳಲಿ.